ಮೇದಿನಿಯ ಬಲಗೈ

ರಂಗೋಲಿಗೆ ಚುಕ್ಕಿ ಇಡುತ್ತಿದ್ದೆ. ಎದುರುಮನೆಯ ಜಲಜಕ್ಕ ಕೂಗಿದರು. "ಏನಮ್ಮ, ಹಕ್ಕಿಗಳಿನ್ನೂ ಬಾಯೇ ಬಿಟ್ಟಿಲ್ಲ. ನಿಮ್ಮ ನಿರ್ದೇಶಕಿ ಹೊದ್ದು ಮಲಗಿದಾಳೋ?"

ಚುಕ್ಕಿ ಅಲ್ಲೇ ಬಿಟ್ಟು ಮಹಡಿ ಹತ್ತಿದೆ.

ಹಕ್ಕಿಮೇಳದ ಶಾಲೆ ಸೇರಿದಂದಿನಿಂದ ನಮ್ಮ ಬೀದಿಯ ಬೆಳಗು ಮಗಳು ಮೇದಿನಿಯ ಪಾಲು. ಅವಳು ಕೋಲು ಬೀಸಿದರೇ ಹಕ್ಕಿಗಳು ಹಾಡುವುದು. ಒಂದು ಬೆಳಗು ಮೌನವಾದರೂ ಶಾಲೆಯಿಂದ ಹೆಸರು ತೆಗೆಯುತ್ತಾರೆ. ಕೋಲು ಹಿಡಿಯುವ ಬಲಗೈಯಲ್ಲಿ ಬೇರೇನೂ ಮಾಡುವಂತಿಲ್ಲವೆಂದು ಊಟವನ್ನೂ ನಾನೇ ತಿನ್ನಿಸುತ್ತೇನೆ, ಸಂಜೆ ಭುಜಕ್ಕೆ ಉಪ್ಪಿನ ಶಾಖ ಕೊಡುತ್ತೇನೆ.

ತಂತಿಯ ಮೇಲಿನ ಪಿಕಳಾರ ಹಕ್ಕಿಗಳು ಅವಳನ್ನೇ ನೋಡುತ್ತಿದ್ದವು. ಕೋಲು ಹಿಡಿದ ಕೈ ಇಳಿಬಿದ್ದಿತ್ತು. ಅಕ್ಷರ ತಿದ್ದಿಸುವಾಗಿನಂತೆ ಮೊಣಕೈ ಹಿಡಿದು ಎತ್ತಹೋದೆ. ಅವಳು ತೋಳು ಬಿಗಿಮಾಡಿದಳು.

ನಾನೂ ಇಷ್ಟು ದಿನ ನುಂಗಿಕೊಂಡಿದ್ದನ್ನು ಅವಳು ಕೇಳಿಯೇಬಿಟ್ಟಳು.

"ಅಮ್ಮ, ನಾನು ಕೈ ಎತ್ತದೇ ಇದ್ರೆ, ಅವೇ ಹಾಡ್ಕೊಳಲ್ವಾ?"