ಅಮ್ಮನ ಕತ್ತರಿ

“ಸದ್ದು ಕೇಳಿ ಮೈ ಜುಮ್ಮೆನ್ನೋದೂ ಒಂದು ವಿಜ್ಞಾನವಾ? ನಾನೇ ಕೂತ್ಕೋತೀನಿ, ತೋರ್ಸು!” ಎಂದು ಪ್ರೊಫೆಸರ್ ಹೆಡ್‌ಫೋನ್ ಏರಿಸಿಕೊಂಡರು. ಅವರು ಒಪ್ಪದಿದ್ದರೆ ಸಂಶೋಧಕಿಯ ಮೂರು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ಪಿಸುಮಾತಿಗೂ ಕುಂಚದ ಸರಸರಕ್ಕೂ ಅವರ ಎದೆಬಡಿತ, ಬೆವರು ತೋರಿಸುವ ಪರದೆಯ ಗೆರೆಗಳು ಅಲುಗಲಿಲ್ಲ. ಕೊನೆಗೆ ಅವಳು ಪಟ್ಟಿಯಲ್ಲೇ ಇಲ್ಲದ ಸದ್ದೊಂದನ್ನು ಹಾಕಿದಳು: ದರ್ಜಿಯಾದ ತನ್ನ ಅಮ್ಮ ದಪ್ಪ ಬಟ್ಟೆಯ ಮೇಲೆ ನಿಧಾನವಾಗಿ ಕತ್ತರಿ ಓಡಿಸುವುದು.

ಪ್ರೊಫೆಸರರ ಬಿಗಿದ ಹೆಗಲು ಇಳಿಯಿತು. ಎದೆಬಡಿತ ಎಪ್ಪತ್ತೆಂಟರಿಂದ ಅರವತ್ತೊಂಬತ್ತಕ್ಕೆ ಜಾರಿತು. ಬೆರಳಿನ ಬೆವರು ಅಳೆಯುವ ಗೆರೆ ಮಾತ್ರ ಚಂಗನೆ ಮೇಲೆದ್ದಿತು. ಒಂದೇ ಮೈಯಲ್ಲಿ ನೆಮ್ಮದಿಯೂ ಪುಳಕವೂ! ಅವಳು ಇಷ್ಟು ದಿನ ವಾದಿಸಿದ್ದೂ ಅದನ್ನೇ.

ಸದ್ದು ನಿಲ್ಲಿಸಿ, “ಏನಾದ್ರೂ ಆಯ್ತಾ ಸರ್?” ಎಂದಳು.

ನವಿರೆದ್ದ ಮುಂಗೈ ಮೇಲೆ ಅವರು ಅಂಗಿಯ ತೋಳು ಎಳೆದುಕೊಂಡರು. ಹೆಡ್‌ಫೋನ್ ತೆಗೆಯಲಿಲ್ಲ.

“ಅದೆಲ್ಲ ಆಮೇಲೆ. ಮೊದ್ಲು ಇನ್ನೊಂದ್ಸಲ ಹಾಕಮ್ಮ.”