ಕೂದಲೆಳೆಯಷ್ಟು ತಡ

ಸ್ಟುಡಿಯೋದ ರೇಷ್ಮಾ ಕೀಬೋರ್ಡಿನ ತಂತಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿದಳು. "ಸರ್, ನೀವು ನುಡಿಸೂ ಒಂದೊಂದು ಸ್ವರ ಎಲ್ಲಿ ಬಿತ್ತು ಅನ್ನೂದು ಈ ಪರದೆ ಮ್ಯಾಲೆ ಕಾಣ್ತದ್ರಿ."

"ಚಲೋ ಆತು," ಎಂದಳು ಹಾಡಲು ಬಂದಿದ್ದ ನೀಲಾಂಬಿಕಾ. "ಮೂವತ್ತು ವರ್ಷದಿಂದ ಹೇಳಾಕತ್ತೀನಿ, ಇವರು ಹಾರ್ಮೋನಿಯಂ ತಡಾ ಬಾರಸ್ತಾರಂತ. ಇವತ್ತು ಯಂತ್ರಾನ ಹೇಳ್ಲಿ."

ಗಂಡ ವಿರೂಪಾಕ್ಷಪ್ಪ ಹಾರ್ಮೋನಿಯಂ ಬದಲು ಆ ಕೀಬೋರ್ಡಿನ ಮುಂದೆ ಕೂತ. ಕಂಪ್ಯೂಟರಿನ ತಾಳಕ್ಕೆ ಆಕೆ ಹಾಡಿದಳು, ಅವನು ನುಡಿಸಿದ. ಮುಗಿದ ಮೇಲೆ ಮೂವರೂ ಪರದೆಯತ್ತ ಬಾಗಿದರು. ಅವನ ಒಂದು ಸ್ವರವೂ ತಾಳದ ಗೆರೆಯ ಮೇಲಿರಲಿಲ್ಲ. ಎಲ್ಲವೂ ಕೂದಲೆಳೆಯಷ್ಟು ತಡವಾಗಿ ಬಿದ್ದಿದ್ದವು.

"ನೋಡ್ರಿ! ನಾ ಹೇಳಿದ್ದು ಖರೇ ಆತಿಲ್ಲೋ?" ಎಂದು ನೀಲಾಂಬಿಕಾ ಚಪ್ಪಾಳೆ ತಟ್ಟಿದಳು.

ಅವನ ಕಿವಿ ಕೆಂಪಾದವು. "ಸರಿಮಾಡವ್ವಾ," ಎಂದ ಮೆಲ್ಲಗೆ.

ರೇಷ್ಮಾ ಒಂದು ಗುಂಡಿ ಒತ್ತಿದಳು. ಸ್ವರಗಳೆಲ್ಲ ಸರಿದು ಗೆರೆಯ ಮೇಲೆ ಕೂತವು. "ಈಗ ಇದರ ಜೋಡಿ ಹಾಡ್ರಿ, ಮೇಡಂ."

ನೀಲಾಂಬಿಕಾ ಹೆಡ್‌ಫೋನ್ ಹಾಕಿಕೊಂಡು ಶುರುಮಾಡಿದಳು. ಮೊದಲ ಸಾಲಿನಲ್ಲೇ ಹಿಂದೆ ಬಿದ್ದಳು. ಮತ್ತೆ ಶುರುಮಾಡಿ ಮತ್ತೆ ತಪ್ಪಿದಳು. ಮೂರನೆಯ ಸಲ ಹೆಡ್‌ಫೋನ್ ತೆಗೆದಿಟ್ಟಳು.

"ಹಳೇದನ್ನ ಹಾಕವ್ವಾ," ಎಂದಳು. "ಇದು ನಾ ಬರೂತನಕಾ ಕಾಯೂದ ಇಲ್ಲ."