ಡ್ರಮ್ಮಿನೊಳಗಿನ ವರ

ಮುತ್ತಪ್ಪ ಪೇಢೆಯ ಪೊಟ್ಟಣ ಹಿಡಿದು ಹಿತ್ತಲಿಗೆ ಬಂದಾಗ, ಅವನ ಅಳಿಯನಾಗಬೇಕಾದವನು ಅಡ್ಡ ಉರುಳಿಸಿದ ನೀರಿನ ಡ್ರಮ್ಮಿನೊಳಗೆ ಸೊಂಟದವರೆಗೆ ಹೊಕ್ಕಿದ್ದ. ಹೊರಗೆ ಕಾಣುತ್ತಿದ್ದದ್ದು ಮಡಚಿದ ಪ್ಯಾಂಟು, ಎರಡು ಒದ್ದೆ ಕಾಲು. ಒಳಗಿನಿಂದ ಬ್ರಷ್ಷಿನ ಸದ್ದು.

ಪಕ್ಕದಲ್ಲಿ ಮುತ್ತಪ್ಪನ ತಾಯಿ ದುರ್ಗವ್ವ ಕೋಲು ಹಿಡಿದು ನಿಂತಿದ್ದಳು.

“ಆ ತಳಾ ತಿಕ್ಕು. ಇನ್ನೂ ಲೋಳಿ ಐತಿ.”

“ಅವ್ವಾ, ಯಾರಿವರು?”

“ಸೊಳ್ಳಿಯವ. ನೀರು ನೋಡ್ತೇನಿ ಅಂದ. ಬರೇ ನೋಡಿ ಏನ್ ಮಾಡ್ತಿ, ತಿಕ್ಕಪಾ ಅಂದೆ.”

ಮುತ್ತಪ್ಪ ಮೊಬೈಲಿನಲ್ಲಿ ಗಂಟೆ ನೋಡಿದ. ಓಣಿಯಲ್ಲಿ ಇಬ್ಬರಿಗೆ ಡೆಂಗಿ ಬಂದಿತ್ತು. ಇವತ್ತು ಮನೆಮನೆ ನೋಡಲು ಜನ ಬರುತ್ತಾರೆಂದು ಇಳಕಲ್ಲಿನ ತುಂಬ ಆಟೋದಲ್ಲಿ ಕೂಗಿ ಹೋಗಿದ್ದರು, ನಿಜ. ಆದರೆ ಇವತ್ತೇ ಹನ್ನೊಂದಕ್ಕೆ ಬಾಗಲಕೋಟೆಯ ಬ್ಯಾಂಕಿನ ಹುಡುಗ ಮಗಳು ಶ್ರುತಿಯನ್ನು ನೋಡಲು ಒಬ್ಬನೇ ಬರುವವನಿದ್ದ. ಈಗ ಹನ್ನೊಂದೂ ಹತ್ತು.

ಶ್ರುತಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಮೂವರನ್ನು ಬೇಡವೆಂದಿದ್ದಳು. ಒಬ್ಬ ಮೊಬೈಲಿನಿಂದ ತಲೆ ಎತ್ತಲಿಲ್ಲ, ಇನ್ನೊಬ್ಬ ಶಾಲೆಯ ಕೆಲಸ ಬಿಡಬೇಕೆಂದ, ಮೂರನೆಯವನ ಬಗ್ಗೆ ಅವಳು ಕಾರಣವನ್ನೂ ಹೇಳಲಿಲ್ಲ. “ಇದ ಕಡೀದು ಅಪ್ಪಾ. ಇದಾದ ಮ್ಯಾಲ ಯಾರನ್ನೂ ಕರೀಬ್ಯಾಡ” ಎಂದಿದ್ದಳು.

ಆ ಕೊನೆಯ ಹುಡುಗನನ್ನು ಅವ್ವ ಡ್ರಮ್ಮಿಗೆ ಇಳಿಸಿದ್ದಳು!

ಹೊಸ್ತಿಲ ಬಳಿ ಫಳಫಳ ಹೊಳೆಯುವ ಬೂಟು. ಸರ್ಕಾರದ ಕೆಲಸಕ್ಕೆ ಯಾರು ಇಂಥ ಬೂಟು ಹಾಕುತ್ತಾರೆ? ಮಧ್ಯಸ್ಥ ಸಂಗಯ್ಯ ಕಳಿಸಿದ್ದ ಫೋಟೋವನ್ನು ಮುತ್ತಪ್ಪ ಮೊಬೈಲಿನಲ್ಲಿ ತೆಗೆದ. ಬಾದಾಮಿಯ ಗುಹೆಯ ಮುಂದೆ ನಿಂತದ್ದು. ಟೋಪಿಯ ನೆರಳಿನಲ್ಲಿ ಅರ್ಧ ಮುಖವೇ ಇರಲಿಲ್ಲ. ಡ್ರಮ್ಮಿನಿಂದ ತಲೆ ಹೊರಬಂತು. ಗದ್ದ ಅದೇ.

“ತಪ್ಪಾತ್ರಿ! ನಮ್ಮವ್ವಗ ತಿಳೀಲಿಲ್ಲ.”

“ಇರಲಿ ಬಿಡ್ರಿ,” ಹುಡುಗ ಮುಖ ಒರೆಸಿಕೊಂಡು ನಕ್ಕ. “ಹಿರೇರು ಹೇಳಿದ್ದು ಖರೇನ ಐತಿ. ಸೊಳ್ಳಿ ತತ್ತಿ ಡ್ರಮ್ಮಿನ ಗ್ವಾಡಿಗೆ ಅಂಟಿರ್ತಾವ. ನೀರು ಚೆಲ್ಲಿದ್ರ ಸಾಲದು, ತಿಕ್ಕಬೇಕು.”

ಎಂಥ ಸಂಸ್ಕಾರ! ಮುತ್ತಪ್ಪ ಟವೆಲ್ಲು ಕೊಟ್ಟು, ಕೈಹಿಡಿದು ನಡುಮನೆಗೆ ಕರೆತಂದು ಕೂರಿಸಿದ.

“ಮನಿ ಎಲ್ಲಾ ನೋಡಿದ್ರೇನ್ರಿ?”

“ನೋಡಿದೆರಿ. ಚಲೋ ಐತಿ.”

“ನಮ್ಮದು ಸರಳ ಮಂದಿರಿ. ನಾವು ಏನೂ ಮುಚ್ಚಿಡೂದಿಲ್ಲ.”

“ಅದ ತೊಂದರಿರಿ,” ಹುಡುಗ ಗಂಭೀರನಾದ. “ಮುಚ್ಚಿಡಬೇಕು.”

ಮುತ್ತಪ್ಪ ತಬ್ಬಿಬ್ಬಾದ. ಅಷ್ಟರಲ್ಲಿ ಶ್ರುತಿ ಉಪ್ಪಿಟ್ಟು ತಂದಳು. ಹುಡುಗ ತಟ್ಟೆ ತೆಗೆದುಕೊಳ್ಳುವ ಬದಲು ಕಿಸೆಯಿಂದ ಸಣ್ಣ ಬಾಟಲಿ ತೆಗೆದು ಬೆಳಕಿಗೆ ಹಿಡಿದ. ನೀರಿನಲ್ಲಿ ಮೂರು ಮರಿಹುಳುಗಳು ನುಲಿಯುತ್ತಿದ್ದವು.

“ನಿಮ್ಮ ಡ್ರಮ್ಮಿನಾಗ ಸಿಕ್ಕವು.”

ಶ್ರುತಿ ಬಗ್ಗಿ ನೋಡಿದಳು. “ತಲಿ ಕೆಳಗ ಮಾಡಿ ತೂಗಾಡ್ತಾವ. ಮಲೇರಿಯಾದ್ದಲ್ಲ.”

“ಅಲ್ಲ! ಅದರ ಮರಿ ನೀರಿನ ಮ್ಯಾಲ ಅಡ್ಡ ಮಲಗ್ತಾವ.”

ಇಬ್ಬರ ಮೂಗೂ ಒಂದೇ ಬಾಟಲಿಗೆ ತಾಗುವಂತಿತ್ತು. ಬ್ಯಾಂಕಿನ ಹುಡುಗ ಇದನ್ನೆಲ್ಲ ಓದಿಕೊಂಡು ಬಂದಿದ್ದಾನಲ್ಲ, ಸಂಗಯ್ಯನೇ ಹೇಳಿಕೊಟ್ಟಿರಬೇಕು ಎಂದು ಮುತ್ತಪ್ಪ ಒಳಗೊಳಗೇ ಹಿಗ್ಗಿದ. ಆಗ ಅವನ ಮೊಣಕೈ ಮೇಲೆ ಒಂದು ಸೊಳ್ಳೆ ಕೂತಿತು. ಹೊಡೆಯಲು ಕೈಯೆತ್ತಿದ.

“ತಡೀರಿ!” “ತಡಿ ಅಪ್ಪಾ!” ಇಬ್ಬರೂ ಒಟ್ಟಿಗೇ ಚೀರಿದರು.

ಮುತ್ತಪ್ಪ ಕಲ್ಲಾಗಿ ನಿಂತ. ಸೊಳ್ಳೆ ಅವನ ರಕ್ತ ಹೀರುತ್ತಿದ್ದರೆ ಅವರಿಬ್ಬರೂ ಕಣ್ಣರಳಿಸಿ ಅದರ ಕಾಲು ನೋಡುತ್ತಿದ್ದರು.

“ಬಿಳಿ ಪಟ್ಟಿ,” ಅಂದಳು ಶ್ರುತಿ.

“ಹಗಲ ಕಡಿಯೂದು ಇದ. ಡೆಂಗಿ ತರೂದೂ ಇದ,” ಅಂದ ಹುಡುಗ. ಆಮೇಲೆ ಭಾವಿ ಮಾವನ ಮೊಣಕೈಗೆ ಚಟ್ಟೆಂದು ಬಾರಿಸಿದ. ಮೂವರೂ ಬಿದ್ದು ಬಿದ್ದು ನಕ್ಕರು.

ಬಾಗಿಲಲ್ಲಿ ಇನ್ನೊಬ್ಬ ನಿಂತಿದ್ದ. ಹೆಗಲಿಗೆ ಬ್ಯಾಗು, ಕಣ್ಣು ಗೋಡೆಯ ಮನೆನಂಬರಿನ ಮೇಲೆ.

“ನೋಡಾಕ ಬಂದೀನ್ರಿ,” ಎಂದ ಮೆಲ್ಲಗೆ.

“ಈಗ ಬಂದ್ರೇನು? ನಡೀರಿ, ಮ್ಯಾಲ ನೀರಿನ ಟಾಕಿ ಐತಿ,” ಅಂದ ಮುತ್ತಪ್ಪ. ಶ್ರುತಿ ತಾನೇ ಓಡಿಹೋಗಿ ಬ್ಯಾಟರಿ, ಬ್ರಷ್ಷು ತಂದು ಬಂದವನ ಕೈಗಿಟ್ಟಳು. ಅವನು ಏನೋ ಹೇಳಲು ಬಾಯಿ ತೆರೆದ. ಹಿಂದೆ ಕೋಲು ಹಿಡಿದ ದುರ್ಗವ್ವನನ್ನು ಕಂಡು ಏಣಿ ಹತ್ತಿದ. ಕಾಲು ಗಂಟೆಯ ನಂತರ ಇಳಿದು, ಯಾರ ಮುಖವನ್ನೂ ನೋಡದೆ ದಡದಡ ಹೊರಟುಹೋದ.

“ಸರ್ಕಾರಿ ಮಂದಿ!” ಮುತ್ತಪ್ಪ ತಲೆಯಾಡಿಸಿದ. ಆಮೇಲೆ ಗಂಟಲು ಸರಿಮಾಡಿಕೊಂಡ. “ಹಂಗಾರ, ನಮ್ಮ ಹುಡುಗಿ ನಿಮಗ ಒಪ್ಪಿಗಿ ಆತೇನ್ರಿ?”

ಹುಡುಗನ ಕೈಯಲ್ಲಿದ್ದ ಚಮಚ ಗಾಳಿಯಲ್ಲೇ ನಿಂತಿತು. ಮುತ್ತಪ್ಪನನ್ನು ನೋಡಿದ. ಶ್ರುತಿಯನ್ನು ನೋಡಿದ. ಅವಳು ನೆಲ ನೋಡುತ್ತ ನಗುತ್ತಿದ್ದಳು.

“ಒಪ್ಪಿಗಿ ಐತ್ರಿ,” ಎಂದ. ಕಿವಿಯೆಲ್ಲ ಕೆಂಪಾಗಿತ್ತು.

ದುರ್ಗವ್ವ ಅವನ ಬಾಯಿಗೆ ಪೇಢೆ ತುರುಕಿದಳು. ಅದೇ ಹೊತ್ತಿಗೆ ಸಂಗಯ್ಯನ ಫೋನು ಬಂತು.

“ಮುತ್ತಪ್ಪಾ, ಬ್ಯಾಂಕಿನ ಹುಡುಗನ ಕೈಲೆ ಟಾಕಿ ತಿಕ್ಕಸ್ತೀಯೇನಲೇ?”

“ಟಾಕಿ ಅಲ್ಲೋ, ಡ್ರಮ್ಮು. ಅವ್ವಗ ಗುರ್ತು ಸಿಗಲಿಲ್ಲ. ಹುಡುಗ ಏನೂ ಬ್ಯಾಸರ ಮಾಡ್ಕೊಂಡಿಲ್ಲ. ಇಲ್ಲೇ ಕುಂತು ಎರಡನೇ ಸಲ ಉಪ್ಪಿಟ್ಟು ಹಾಕಿಸ್ಕೊಂಡಾನ.”

“ಉಪ್ಪಿಟ್ಟ? ಅವ ಬಸ್‌ಸ್ಟ್ಯಾಂಡಿನಾಗ ನನ್ನ ಮುಂದ ನಿಂತಾನೋ! ಅಂಗಿ ತುಂಬ ಪಾಚಿ!”

ಮುತ್ತಪ್ಪ ನಿಧಾನವಾಗಿ ತಿರುಗಿದ. ಹುಡುಗ ಎದ್ದು ನಿಂತಿದ್ದ. ಬಾಯಲ್ಲಿನ್ನೂ ಪೇಢೆ.

“ನಾ ಪ್ರವೀಣಕುಮಾರ್ರಿ, ಆರೋಗ್ಯ ಇಲಾಖಿಯವ. ಸೋಮವಾರಷ್ಟ ಇಲ್ಲಿಗೆ ಬಂದೀನಿ. ನೀವು ಕೇಳಿದ್ರಿ, ನಾ ಖರೆ ಹೇಳಿದೆ.”

“ಶ್ರುತಿ!” ಮುತ್ತಪ್ಪ ಕುರ್ಚಿಗೆ ಕುಸಿದ. “ಇವರು ವರ ಅಲ್ಲವ್ವಾ!”

“ಗೊತ್ತೈತಿ ಅಪ್ಪಾ,” ಅಂದಳು ಶ್ರುತಿ, ಪ್ರವೀಣಕುಮಾರನ ತಟ್ಟೆಗೆ ಮತ್ತೊಂದು ಸೌಟು ಉಪ್ಪಿಟ್ಟು ಹಾಕುತ್ತ. “ಬಾಗಲಾ ತಗದಾಕಿ ನಾನ. ಹೆಸರು, ಇಲಾಖಿ, ಮದುವಿ ಆಗೇತೇನು, ಎಲ್ಲಾ ಕೇಳೇ ಒಳಗ ಬಿಟ್ಟೀನಿ.”